ತಿಪಟೂರಿಗೆ ‘ಅದೇ ದಿನ’ ಹೂವು: ಮೂರು ವರ್ಷ ಬಳಸಿದ ಮೇಲೆ

ನಾನಿರುವುದು ಬೆಂಗಳೂರಿನ ವಿಜಯನಗರದಲ್ಲಿ, ಅಮ್ಮ ತಿಪಟೂರಿನಲ್ಲಿ. ನಡುವೆ ಸುಮಾರು 140 ಕಿಲೋಮೀಟರ್. ಇಲ್ಲಿ ಬೆಳಗ್ಗೆ ಹಾಲಿನ ಜೊತೆ ಪೂಜೆಯ ಬಿಡಿ ಹೂವೂ ಬಾಗಿಲಿಗೆ ಬರುತ್ತದೆ. ಅದೇ ಧೈರ್ಯದಲ್ಲಿ ಊರಿಗೂ ಹೂವು ಕಳಿಸೋಣ ಅಂತ ಮೂರು ವರ್ಷದ ಹಿಂದೆ ಒಂದು ಆನ್‌ಲೈನ್ ಸೇವೆ ಹಿಡಿದೆ. ಹೆಸರು ಬೇಡ ಬಿಡಿ. ಇದುವರೆಗೆ ಹದಿನಾಲ್ಕು ಸಲ ಆರ್ಡರ್ ಮಾಡಿದ್ದೇನೆ, ಹಾಗಾಗಿ ಹೇಳುವ ಹಕ್ಕಿದೆ.

ಮೊದಲನೆಯದು ಅಮ್ಮನ ಹುಟ್ಟುಹಬ್ಬಕ್ಕೆ. ಮಧ್ಯಾಹ್ನ 12ರೊಳಗೆ ಬುಕ್ ಮಾಡಿದರೆ ಅದೇ ದಿನ ತಲುಪಿಸುತ್ತೇವೆ ಅಂದಿದ್ದರು. 899 ರೂಪಾಯಿ, ಡೆಲಿವರಿಗೆ 149 ಬೇರೆ. ಫೋಟೋದಲ್ಲಿ ಲಿಲ್ಲಿ ಹೂವಿತ್ತು. ಸಂಜೆ ಏಳೂವರೆಗೆ ಹೋಗಿದ್ದು ಜರ್ಬೆರಾ ಮತ್ತು ಗುಲಾಬಿ. ಜರ್ಬೆರಾ ಕತ್ತು ಬಾಗದಿರಲಿ ಅಂತ ದಂಟಿಗೆ ಪ್ಲಾಸ್ಟಿಕ್ ಸ್ಟ್ರಾ ಸಿಕ್ಕಿಸಿದ್ದರು. ಗುಲಾಬಿ ಮೊಗ್ಗುಗಳಿಗೆ ಹಾಕಿದ್ದ ಬಲೆ ಟೋಪಿಯನ್ನೂ ತೆಗೆದಿರಲಿಲ್ಲ. ಅಮ್ಮ ಫೋನ್ ಮಾಡಿ, “ಚೆನ್ನಾಗಿದೆ ಕಣೋ, ಆದ್ರೆ ಮುಡಿಯೋಕೂ ಆಗಲ್ಲ, ದೇವರಿಗೆ ಏರಿಸೋಕೂ ಆಗಲ್ಲ, ಏನ್ಮಾಡ್ಲಿ?” ಅಂದಳು. ಕೊನೆಗೆ ನೀರಿನ ಚೊಂಬಿನಲ್ಲಿಟ್ಟು ಟಿವಿ ಪಕ್ಕ ಕೂರಿಸಿದಳು.

ತಂದುಕೊಟ್ಟ ಹುಡುಗನನ್ನು ಕೇಳಿದಾಗ ಗುಟ್ಟು ಗೊತ್ತಾಯಿತು. ಅವನು ತುಮಕೂರಿನಿಂದ ಬಂದಿದ್ದ. ಆ ಹೂವು ಬೆಳಗ್ಗೆ ಬೆಂಗಳೂರಿನಿಂದಲೇ ತುಮಕೂರಿಗೆ ಹೋಗಿತ್ತಂತೆ! ಈ ಸೇವೆಯವರಿಗೆ ಸ್ವಂತ ಅಂಗಡಿ ಇಲ್ಲ. ಆರ್ಡರ್ ತೆಗೆದುಕೊಂಡು, ತಮ್ಮ ಪಾಲು ಹಿಡಿದು, ಪಿನ್‌ಕೋಡ್ ಹತ್ತಿರದ ಅಂಗಡಿಗೆ ದಾಟಿಸುತ್ತಾರೆ. ಊರಲ್ಲಿ ಅಂಗಡಿ ಸಿಗದಿದ್ದರೆ ಪಕ್ಕದ ದೊಡ್ಡ ಊರಿಗೆ. ಉಳಿದ ದುಡ್ಡಿನಲ್ಲಿ ಅಂಗಡಿಯವರು ಇದ್ದ ಹೂವು ಕಟ್ಟಿಕೊಡುತ್ತಾರೆ. ‘ಹೂವು ಬದಲಾಗಬಹುದು’ ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುವುದು ಅದಕ್ಕೇ.

ಇನ್ನೊಂದು ತಲೆನೋವು ಓಟಿಪಿ. ಹೂವು ಅಮ್ಮನ ಬಾಗಿಲಲ್ಲಿ, ಓಟಿಪಿ ನನ್ನ ಫೋನಲ್ಲಿ, ನಾನು ಮೀಟಿಂಗಲ್ಲಿ. ಎರಡು ಸಲ ಹುಡುಗ ಕಾದು ಕಾದು ವಾಪಸ್ ಹೊರಟಿದ್ದ.

2024ರ ಆಗಸ್ಟ್ 16, ವರಮಹಾಲಕ್ಷ್ಮಿ ಹಬ್ಬದ ದಿನ ನಾನು ಮಾಡಿದ್ದು ಶುದ್ಧ ದಡ್ಡತನ. ಹಬ್ಬದ ಬೆಳಗ್ಗೆ ಎಂಟಕ್ಕೆ ಆರ್ಡರ್ ಮಾಡಿದೆ. ಹೂವು ಹೋಗುವ ಹೊತ್ತಿಗೆ ಅಮ್ಮ ಕಳಶಕ್ಕೆ ಪೂಜೆ ಮುಗಿಸಿ, ಬಂದವರಿಗೆ ಅರಿಶಿನ ಕುಂಕುಮ ಕೊಟ್ಟೂ ಆಗಿತ್ತು. ಹಬ್ಬಕ್ಕೆ ಹೂವು ಬೇಕಾದರೆ ಹಿಂದಿನ ಸಂಜೆಗೇ ಮನೆ ಸೇರಬೇಕು. ಇದು ಆಪ್‌ಗೆ ಗೊತ್ತಿಲ್ಲ ಸರಿ, ನನಗಾದರೂ ಗೊತ್ತಿರಬೇಕಿತ್ತು ಅಲ್ವಾ?

ಒಂದು ಸಲ ಮಾತ್ರ ಈ ಸೇವೆ ಮಾನ ಉಳಿಸಿತು. ದೊಡ್ಡಪ್ಪ ಹೋದ ದಿನ ನಾನು ದಾರಿಯಲ್ಲಿದ್ದೆ. ಸುಗಂಧರಾಜದ ಹಾರ ಬೇಕು ಅಂತ ಬರೆದಿದ್ದೆ. ಅವತ್ತು ಆರ್ಡರ್ ಹೋಗಿದ್ದು ತಿಪಟೂರಿನದೇ ಒಂದು ಹೂವಿನ ಅಂಗಡಿಗೆ. ಅಂಗಡಿಯವನು ತಾನೇ ಫೋನ್ ಮಾಡಿ, “ಎಷ್ಟೊತ್ತಿಗೆ ಎತ್ತುತ್ತಾರೆ ಸಾರ್?” ಅಂತ ಕೇಳಿದ. ಎರಡು ಗಂಟೆ ಅಂದೆ. ಒಂದೂಕಾಲಿಗೆ ಹಾರ ಅಲ್ಲಿತ್ತು. ವಿಳಾಸ ಕೂಡ ಕೇಳಲಿಲ್ಲ, ಮನೆ ಅವನಿಗೆ ಗೊತ್ತಿತ್ತು.

ಅವನ ನಂಬರ್ ಉಳಿಸಿಕೊಂಡೆ. ಈಗ ಜಾಸ್ತಿ ವ್ಯವಹಾರ ಅವನ ಹತ್ತಿರವೇ, ಯುಪಿಐನಲ್ಲಿ. ‘ಅದೇ ದಿನ’ ಅನ್ನುವ ಮಾತಿನ ಅರ್ಥವೂ ಅವನಿಂದಲೇ ತಿಳಿಯಿತು. ಬೊಕೆಯ ಗುಲಾಬಿ ಕೊಯ್ದು ಕೆಲವು ದಿನವಾಗಿದ್ದರೂ, ತಣ್ಣಗೆ ಇಟ್ಟಿದ್ದರೆ ಗೊತ್ತಾಗಲ್ಲ. ಮಲ್ಲಿಗೆ ಹಾಗಲ್ಲ. ಬೆಳಗ್ಗೆ ಮೊಗ್ಗು ಬಿಡಿಸಬೇಕು, ಮಧ್ಯಾಹ್ನ ಕಟ್ಟಬೇಕು, ಸಂಜೆ ಮುಡಿಯಲ್ಲಿ ಅರಳಬೇಕು. ಮರುದಿನಕ್ಕೆ ಕಂದು. ಚಳಿಗಾಲದಲ್ಲಿ ಮಲ್ಲಿಗೆ ಕೇಳಿದರೆ, “ಸುಮ್ನೆ ದುಡ್ಡು ಹಾಕ್ಬೇಡಿ, ಸೇವಂತಿಗೆ ತಗೊಳ್ಳಿ” ಅನ್ನುತ್ತಾನೆ. ಯಾವ ಆಪ್ ಹೀಗೆ ಹೇಳುತ್ತೆ?

ಆಪ್ ಅಳಿಸಿಲ್ಲ. ತಂಗಿ ಮಗಳಿಗೆ ಕೇಕ್ ಜೊತೆ ಬೊಕೆಯೇ ಬೇಕು, ಅವಳಿರುವುದು ತುಮಕೂರಿನಲ್ಲೇ. ಅಲ್ಲಿಗೆ ತಕರಾರಿಲ್ಲದೆ ಹೋಗುತ್ತದೆ. ತುಮಕೂರಿಗಾದರೆ ನಾಲ್ಕು ಸ್ಟಾರ್, ತಿಪಟೂರಿಗೆ ಎರಡು. ಬಳಸುವವರು ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ, ಹೂವು ಯಾವ ಊರಿನಿಂದ ಹೊರಡುತ್ತದೆ ಅಂತ ಕೇಳಿ. ತಡವರಿಸಿದರೆ ಬಿಡಿ.

ಅಂಗಡಿಯವನಿಗೆ ಎಷ್ಟು ಸ್ಟಾರ್ ಅಂತ ಅಮ್ಮನನ್ನು ಕೇಳಬೇಕು. ಹೋದ ಶುಕ್ರವಾರ ಎರಡು ಮಾರು ಕಾಕಡ ಕಳಿಸಿದ್ದ. ಅಮ್ಮ ತನ್ನ ಕೈಯಲ್ಲಿ ಅಳೆದು ನೋಡಿದ್ದಾಳೆ. ಒಂದು ಮೊಳ ಕಡಿಮೆ ಬಂತಂತೆ, “ಕೇಳು ಅವನನ್ನ” ಅಂತ ಎರಡು ದಿನದಿಂದ ನನ್ನ ಬೆನ್ನು ಬಿದ್ದಿದ್ದಾಳೆ.