ಕ್ಯಾನ್ ಬಸ್ ಕೈಕೊಟ್ಟಾಗ: ಕರ್ನಲ್‌ಗೆ ಬಿಡೋದಾ, ಚಿಪ್‌ಗೆ ಬಿಡೋದಾ, ನಾವೇ ಕಾಯೋದಾ?

ಕ್ಯಾನ್ ಬಸ್ ಅಂದರೆ ವಾಹನ, ಯಂತ್ರಗಳ ಬೋರ್ಡ್‌ಗಳು (ನೋಡ್‌ಗಳು) ಒಂದೇ ಕೇಬಲ್ ಮೇಲೆ ಫ್ರೇಮ್ ಅನ್ನೋ ಪುಟ್ಟ ಸಂದೇಶಗಳನ್ನು ಕಳಿಸಿಕೊಳ್ಳುವ ಜಾಲ. ದೋಷ ಹೆಚ್ಚಾದ ನೋಡ್ ಬಸ್‌ನಿಂದ ಹೊರಬೀಳುತ್ತೆ, ಅದನ್ನು ವಾಪಸ್ ತರೋದು ಯಾರು ಅನ್ನೋದು ಪ್ರಶ್ನೆ. ಮೊದಲೇ ಹೇಳಿಬಿಡ್ತೀನಿ, ಮೂರನ್ನೂ ಓಡಿಸಿ ನೋಡಿ ನಾನು ಉಳಿಸಿಕೊಂಡದ್ದು ಕೊನೆಯದನ್ನು. ಡ್ರೈವರ್ ದೋಷವನ್ನು ವರದಿ ಮಾಡಿ ಸುಮ್ಮನಿರಬೇಕು. ಬಸ್‌ಗೆ ಮತ್ತೆ ಯಾವಾಗ ಇಳಿಯೋದು ಅಂತ ಯೂಸರ್‌ಸ್ಪೇಸ್‌ನ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊರಗಿನ) ಒಂದು ಪುಟ್ಟ ಪ್ರೋಗ್ರಾಂ ತೀರ್ಮಾನಿಸಬೇಕು. ಲಿನಕ್ಸ್‌ನ ಸಾಕೆಟ್‌ಕ್ಯಾನ್ (ಕರ್ನಲ್‌ನಲ್ಲೇ ಇರುವ ಕ್ಯಾನ್ ವ್ಯವಸ್ಥೆ) ಬಳಸುವವರಿಗೆ ಇದು ಅತಿ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು.

ಶುರುವಿನಲ್ಲಿ ರೀಸ್ಟಾರ್ಟ್-ಎಂಎಸ್ 100 ಅಂತ ಹಾಕಿ ಕೈತೊಳೆದುಕೊಂಡಿದ್ದೆ. ಬಸ್-ಆಫ್ ಆದರೆ, ಅಂದರೆ ನೋಡ್ ಬಸ್‌ನಿಂದ ಹೊರಬಿದ್ದರೆ, 100 ಮಿಲಿಸೆಕೆಂಡಿಗೆ ಕರ್ನಲ್ಲೇ ಕಂಟ್ರೋಲರನ್ನು (ಕ್ಯಾನ್ ಚಿಪ್ಪನ್ನು) ಎಬ್ಬಿಸುತ್ತೆ. ವಾರಗಟ್ಟಲೆ ತಕರಾರಿಲ್ಲ. ಆಮೇಲೊಂದು ದಿನ ಸೆಕೆಂಡಿಗೆ 500 ಕಿಲೋಬಿಟ್ ವೇಗದ ಬಸ್‌ಗೆ 250ಕ್ಕೆ ಹೊಂದಿಸಿದ ಬೋರ್ಡೊಂದನ್ನು ಸಿಕ್ಕಿಸಿಬಿಟ್ಟೆ. ತಪ್ಪು ನನ್ನದೇ. ಫ್ರೇಮ್ ಕಳಿಸೋಕೆ ಹೋಗಿ ಸೋತಾಗಲೆಲ್ಲ ಟ್ರಾನ್ಸ್‌ಮಿಟ್ ಎರರ್ ಕೌಂಟರ್ 8 ಏರುತ್ತೆ. ಸತತ 32 ಸೋಲಿಗೆ 256 ಮುಟ್ಟಿ ಬಸ್-ಆಫ್. ಕೆಟ್ಟ ನೋಡ್ ತಾನಾಗಿ ಹೊರಗೆ ಹೋಗಲಿ ಅನ್ನೋದೇ ಆ ನಿಯಮದ ಉದ್ದೇಶ. ನಾನು ಮಾಡಿದ್ದು, ಹಾಗೆ ಹೊರಗೆ ಹೋದದ್ದನ್ನು ಮತ್ತೆ ಮತ್ತೆ ಕತ್ತು ಹಿಡಿದು ಒಳಗೆ ತಂದದ್ದು. ಪ್ರತಿ ಸಲ ಕೌಂಟರ್ ಸೊನ್ನೆಯಿಂದ ಶುರು. ಎರರ್ ಪ್ಯಾಸಿವ್ (ಕೌಂಟರ್ 128 ಮುಟ್ಟಿ, ಉಳಿದವರ ಫ್ರೇಮ್ ಕೆಡಿಸದೆ ಇರಬೇಕಾದ ಸ್ಥಿತಿ) ಆಗುವವರೆಗೂ ಅದು ಆರು ಡಾಮಿನೆಂಟ್ ಬಿಟ್‌ಗಳ (ಬಸ್ ಮೇಲೆ ಉಳಿದ ಬಿಟ್‌ಗಳನ್ನು ಮುಚ್ಚಿಹಾಕುವವು) ಎರರ್ ಫ್ಲ್ಯಾಗ್ ಎಸೆಯುತ್ತೆ. 250ರಲ್ಲಿ ಆರು ಬಿಟ್ ಅಂದರೆ 24 ಮೈಕ್ರೋಸೆಕೆಂಡ್, ಉಳಿದವರ ಲೆಕ್ಕದಲ್ಲಿ 12 ಬಿಟ್. ಮಧ್ಯೆ ಸಿಕ್ಕಿಕೊಂಡ ಫ್ರೇಮ್‌ಗೆ ಉಳಿಗಾಲ ಎಲ್ಲಿ? ಸರಿಯಿದ್ದ ಬೋರ್ಡ್‌ಗಳೇ ದೋಷ ವರದಿ ಮಾಡುತ್ತಿದ್ದುದರಿಂದ ಇಡೀ ಮಧ್ಯಾಹ್ನ ಬಸ್‌ನ ತುದಿಗಳಲ್ಲಿರುವ ಟರ್ಮಿನೇಷನ್ ರೆಸಿಸ್ಟರ್ ಅಳೆಯುತ್ತಾ ಕೂತಿದ್ದೆ. ಎರಡು ತುದಿಯ 120 ಓಮ್ ಸೇರಿ ಮೀಟರ್ ಸರಿಯಾಗೇ 60 ತೋರಿಸುತ್ತಲೇ ಇತ್ತು, ಪಾಪ.

ಚಿಪ್‌ಗೇ ಬಿಡುವ ದಾರಿ ಇನ್ನೂ ಮುಂಗೋಪಿ. ಹನ್ನೊಂದು ರಿಸೆಸಿವ್ (ಡಾಮಿನೆಂಟ್ ಅಲ್ಲದ) ಬಿಟ್‌ಗಳ ಸಾಲು 128 ಸಲ ಕಂಡರೆ ಸಾಕು, ಹಾರ್ಡ್‌ವೇರ್ ವಾಪಸ್. 500 ಕಿಲೋಬಿಟ್‌ನಲ್ಲಿ ಕನಿಷ್ಠ 2.8 ಮಿಲಿಸೆಕೆಂಡ್. ಲಾಗ್ ನೋಡೋಕೂ ಪುರಸೊತ್ತಿಲ್ಲ. ಎಂಸಿಪಿ2515 ಅನ್ನೋ ಕ್ಯಾನ್ ಚಿಪ್‌ಗೆ ಈ ಚಾಳಿ ಹುಟ್ಟಿನಿಂದಲೇ ಇದೆ. ಅದಕ್ಕೇ ಅದರ ಲಿನಕ್ಸ್ ಡ್ರೈವರ್, ರೀಸ್ಟಾರ್ಟ್-ಎಂಎಸ್ ಸೊನ್ನೆ (ತಾನಾಗಿ ಎಬ್ಬಿಸಬೇಡ ಅಂತ) ಇದ್ದರೆ, ಬಸ್-ಆಫ್ ಆದ ಕೂಡಲೇ ಚಿಪ್ಪನ್ನು ಮಲಗಿಸಿಬಿಡುತ್ತೆ. ಬರೆದವರಿಗೆ ನನ್ನದೊಂದು ನಮಸ್ಕಾರ.

ಆದರೆ ನನ್ನ ತಲೆ ತಿಂದದ್ದು ಬಸ್-ಆಫ್ ಅಲ್ಲವೇ ಅಲ್ಲ, ಬಸ್-ಆಫ್ ಆಗದೇ ಇದ್ದದ್ದು. ಕೇಬಲ್ ಕಳಚಿತ್ತು. ಅಪ್ಲಿಕೇಶನ್ನಿನಲ್ಲಿ 'ನೋ ಬಫರ್ ಸ್ಪೇಸ್ ಅವೈಲಬಲ್' ಅನ್ನೋ ಸಾಲು ಮೇಲಿಂದ ಮೇಲೆ. ನಾನು ಬಫರ್ ಚಿಕ್ಕದಾಯ್ತೇನೋ ಅಂತ ಟ್ರಾನ್ಸ್‌ಮಿಟ್ ಕ್ಯೂ ಉದ್ದವನ್ನು 10ರಿಂದ 1000ಕ್ಕೆ ಏರಿಸಿದೆ. ಇದಕ್ಕಿಂತ ದಡ್ಡತನ ಇನ್ನೊಂದಿಲ್ಲ.

ನಡೆದದ್ದು ಇಷ್ಟು. ಬಸ್‌ನಲ್ಲಿ ಒಬ್ಬಂಟಿಯಾದ ನೋಡ್‌ಗೆ ಅಕ್ನಾಲೆಜ್ (ತಲುಪಿತು ಅನ್ನೋ ಉತ್ತರ) ಕೊಡುವವರಿಲ್ಲ. ಕೌಂಟರ್ ಎಂಟೆಂಟೇ ಏರಿ 128 ಮುಟ್ಟುತ್ತೆ, ಎರರ್ ಪ್ಯಾಸಿವ್ ಆಗುತ್ತೆ, ಅಲ್ಲಿಗೇ ನಿಲ್ಲುತ್ತೆ. ಪ್ಯಾಸಿವ್ ಆದ ಮೇಲೆ ಬರೀ ಅಕ್ನಾಲೆಜ್ ಸಿಗದ್ದಕ್ಕೆ ಕೌಂಟರ್ ಏರಿಸಬಾರದು ಅಂತ ಕ್ಯಾನ್ ನಿಯಮದಲ್ಲೇ ಇದೆ. ಹಾಗಾಗಿ ಬಸ್-ಆಫ್ ಬರೋದೇ ಇಲ್ಲ, ರೀಸ್ಟಾರ್ಟ್-ಎಂಎಸ್‌ಗೆ ಕೆಲಸವೂ ಇಲ್ಲ. ಚಿಪ್ ಅದೇ ಒಂದು ಫ್ರೇಮನ್ನು ಕೊನೆಯಿಲ್ಲದೆ ಕಳಿಸುತ್ತಾ ಕೂರುತ್ತೆ, ಹಿಂದೆ ಕ್ಯೂ ತುಂಬುತ್ತೆ. ಪ್ರತಿ ಬಸ್ ದೋಷವನ್ನೂ ವರದಿ ಮಾಡಿಸುವ ಬರ್-ರಿಪೋರ್ಟಿಂಗ್ ಬೇರೆ ಆನ್ ಮಾಡಿದ್ದೆ. ಎಂಟು ಬೈಟ್ ಫ್ರೇಮ್‌ಗೆ ಸೆಕೆಂಡಿಗೆ ಮೂರೂವರೆ ಸಾವಿರದ ಆಸುಪಾಸು ಇಂಟರಪ್ಟ್ (ಪ್ರೊಸೆಸರನ್ನು ತಡೆದು ಕರೆಯೋದು). ಒಂದೇ ಕೋರ್‌ನ ಬೋರ್ಡ್ ಅದು, ಎಸ್‌ಎಸ್‌ಹೆಚ್ (ದೂರದಿಂದ ಲಾಗಿನ್) ಕೂಡ ತಡವರಿಸಿತು.

ನಿಜವಾಗಿ ಹೆದರಿಸಿದ್ದು ಆಮೇಲಿನದು. ಕೇಬಲ್ ಸಿಕ್ಕಿಸಿದ ತಕ್ಷಣ, ಕ್ಯೂನಲ್ಲಿ ಕೂತಿದ್ದ ಹಳೇ ಫ್ರೇಮ್‌ಗಳೆಲ್ಲ ಸಾಲಾಗಿ ಹೊರಟವು. ಇಪ್ಪತ್ತು ನಿಮಿಷದ ಹಿಂದೆ ಕೊಟ್ಟಿದ್ದ ವೇಗದ ಆಜ್ಞೆ ಮೋಟಾರಿಗೆ ಆಗ ತಲುಪಿತು. ಮೇಜಿನ ಮೇಲಿನ ಮೋಟಾರ್ ಆದ್ದರಿಂದ ಬರೀ ಜಿಗಿದು ನಿಂತಿತು.

ಈಗಿನ ಏರ್ಪಾಡು: ರೀಸ್ಟಾರ್ಟ್-ಎಂಎಸ್ ಸೊನ್ನೆ, ಬರ್-ರಿಪೋರ್ಟಿಂಗ್ ಆಫ್, ಕ್ಯೂ ವಾಪಸ್ 10. ಸ್ಥಿತಿ (ಪ್ಯಾಸಿವ್, ಬಸ್-ಆಫ್) ಬದಲಾದಾಗ ಕರ್ನಲ್ ಕೊಡುವ ಎರರ್ ಫ್ರೇಮ್ ಬರ್-ರಿಪೋರ್ಟಿಂಗ್ ಇಲ್ಲದೆಯೂ ಬರುತ್ತೆ, ನನಗೆ ಅಷ್ಟೇ ಸಾಕು. ಬಸ್-ಆಫ್ ಬಂದರೆ 1 ಸೆಕೆಂಡ್, ಆಮೇಲೆ 5, ಆಮೇಲೆ 30 ಕಾದು ರೀಸ್ಟಾರ್ಟ್. ಮೂರೂ ಸೋತರೆ ಕೆಂಪು ದೀಪ ಹಚ್ಚಿ ಸುಮ್ಮನಾಗೋದು. ಪ್ಯಾಸಿವ್‌ನಲ್ಲೇ ಎರಡು ಸೆಕೆಂಡ್ ಸಿಕ್ಕಿಬಿದ್ದರೆ ಇಂಟರ್‌ಫೇಸನ್ನು ಡೌನ್ ಮಾಡಿ ಅಪ್ ಮಾಡೋದು. ಹಳೇ ಫ್ರೇಮ್‌ಗಳೆಲ್ಲ ಹೋಗುತ್ತವೆ. ಫ್ರೇಮನ್ನು ಒಂದೇ ಸಲ ಕಳಿಸಿ ಬಿಡುವ ಒನ್-ಶಾಟ್ ಮೋಡ್‌ನಲ್ಲೂ ಈ ಪೀಡೆ ತಪ್ಪುತ್ತೆ ನಿಜ, ಆದರೆ ಆರ್ಬಿಟ್ರೇಷನ್‌ನಲ್ಲಿ (ಯಾರ ಫ್ರೇಮ್ ಮೊದಲು ಅನ್ನೋ ಪೈಪೋಟಿಯಲ್ಲಿ) ಸೋತ ಒಳ್ಳೇ ಫ್ರೇಮೂ ಹೋಗುತ್ತೆ. ದಟ್ಟಣೆಯ ಬಸ್‌ನಲ್ಲಿ ಅದು ನನಗೆ ಒಗ್ಗಲಿಲ್ಲ.

ಇದರ ಖರ್ಚು ಸುಮಾರು ಇನ್ನೂರು ಸಾಲು ಸಿ ಕೋಡ್. ಬೆಳಿಗ್ಗೆ ಲಾಗ್ ಓದೋ ಅಭ್ಯಾಸ ನನಗಿದೆ, ಹೊಂದಿಕೊಂಡಿತು. ಯಾರೂ ತಿರುಗಿ ನೋಡದ ಡಬ್ಬಿಯೊಳಗೆ ಕೂರುವ, ಹೆಚ್ಚಾಗಿ ಕೇಳಿಸಿಕೊಳ್ಳುವ, ಅಪರೂಪಕ್ಕೆ ಕಳಿಸುವ ಲಾಗರ್ (ದಾಖಲಿಸುವ ಸಾಧನ) ನಿಮ್ಮದಾದರೆ ಕರ್ನಲ್‌ಗೇ ಬಿಡಿ, ಆದರೆ 100 ಬೇಡ, 1000 ಹಾಕಿ. ಒಂದು ವೇಳೆ ನನ್ನ ದಾರಿ ಹಿಡಿದರೆ, ಡೌನ್ ಮಾಡಿದಾಗ ತೆರೆದಿರುವ ಸಾಕೆಟ್‌ಗೆ (ಅಪ್ಲಿಕೇಶನ್ ಬಸ್ ಜೊತೆ ಮಾತಾಡುವ ಕೊಂಡಿಗೆ) 'ನೆಟ್‌ವರ್ಕ್ ಈಸ್ ಡೌನ್' ದೋಷ ಬರುತ್ತೆ. ಇಂಟರ್‌ಫೇಸ್ ಜೊತೆಗಿನ ಸಾಕೆಟ್‌ನ ನಂಟು (ಬೈಂಡ್) ಹಾಗೇ ಇರುತ್ತೆ, ಮತ್ತೆ ಓದಿದರಾಯ್ತು. ನನ್ನ ಅಪ್ಲಿಕೇಶನ್ ಮಾತ್ರ ಅದನ್ನು ಕಂಡ ಕೂಡಲೇ ಎಕ್ಸಿಟ್ ಆಗುತ್ತಿತ್ತು, ಅದನ್ನು ತಿದ್ದೋಕೆ ಇನ್ನೊಂದು ಸಂಜೆ ಹೋಯ್ತು.