ಅಡ್ರೆಸ್ ಸ್ಯಾನಿಟೈಸರ್: ರನ್‌ಟೈಮ್ ಎರರ್ ಹುಡುಕುವವರು ಮೊದಲು ಕೈಗೆತ್ತಿಕೊಳ್ಳಬೇಕಾದ ಸಾಧನ

ಸ್ಪರ್ಧಾತ್ಮಕ ಪ್ರೋಗ್ರಾಮಿಂಗ್‌ನಲ್ಲಿ ರನ್‌ಟೈಮ್ ಎರರ್ (ಓಡುತ್ತಿರುವಾಗಲೇ ಕೋಡ್ ಕುಸಿದು ಬೀಳುವುದು) ಎಂಬ ತೀರ್ಪು ಬಂದಾಗ, ಯಾವ ಸಾಲಿನಲ್ಲಿ ಮತ್ತು ಯಾವ ಇನ್‌ಪುಟ್‌ಗೆ ಕೋಡ್ ಕುಸಿಯಿತು ಎಂಬುದನ್ನು ಜಡ್ಜ್ (ಕೋಡನ್ನು ಪರೀಕ್ಷಿಸಿ ತೀರ್ಪು ಕೊಡುವ ವ್ಯವಸ್ಥೆ) ಸಾಮಾನ್ಯವಾಗಿ ತಿಳಿಸುವುದಿಲ್ಲ. ಸಿ ಪ್ಲಸ್ ಪ್ಲಸ್‌ನಲ್ಲಿ ಅರೇಯ ಗಡಿ ದಾಟಿದ ಕೂಡಲೇ ಪ್ರೋಗ್ರಾಂ ನಿಲ್ಲಬೇಕೆಂಬ ನಿಯಮವಿಲ್ಲದ ಕಾರಣ, ನಮ್ಮ ಕಂಪ್ಯೂಟರ್‌ನಲ್ಲಿ ಸರಿಯುತ್ತರ ಕೊಟ್ಟ ಕೋಡ್ ಜಡ್ಜ್‌ನಲ್ಲಿ ಬೀಳುವುದು ಸಾಮಾನ್ಯ. ಈ ಕತ್ತಲನ್ನು ನೀಗಿಸಲು ನಾನು ಮೊದಲು ಶಿಫಾರಸು ಮಾಡುವುದು ಅಡ್ರೆಸ್ ಸ್ಯಾನಿಟೈಸರ್ ಅನ್ನು, ಅಂದರೆ ಪ್ರೋಗ್ರಾಂ ಓಡುವಾಗ ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಸಾಧನವನ್ನು. ಗೂಗಲ್‌ನಲ್ಲಿ ರೂಪುಗೊಂಡು 2012ರಲ್ಲಿ ಪ್ರಬಂಧವಾಗಿ ಮಂಡನೆಯಾದ ಇದು ಕ್ಲ್ಯಾಂಗ್ ಮತ್ತು ಜಿಸಿಸಿ ಎಂಬ ಎರಡೂ ಕಂಪೈಲರ್‌ಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಕಂಪೈಲ್ ಮಾಡುವಾಗ ಒಂದು ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಸೂಚನೆ) ಸೇರಿಸಿದರೆ ಸಾಕು, ಜೊತೆಗೆ ಡೀಬಗ್ ಮಾಹಿತಿಯ ಫ್ಲ್ಯಾಗ್ ಇದ್ದರೆ ಸಾಲಿನ ಸಂಖ್ಯೆಯೂ ಸಿಗುತ್ತದೆ.

ಇದು ಮೆಮೊರಿಯ ಪ್ರತಿ 8 ಬೈಟ್‌ಗೆ 1 ಬೈಟ್‌ನಷ್ಟು ನೆರಳು ದಾಖಲೆಯನ್ನು ಇಟ್ಟುಕೊಂಡು, ಅರೇಗಳ ಅಕ್ಕಪಕ್ಕ ನಿಷಿದ್ಧ ವಲಯಗಳನ್ನು ನೆಟ್ಟು, ಪ್ರತಿಯೊಂದು ಓದು ಮತ್ತು ಬರಹವನ್ನೂ ಪರೀಕ್ಷಿಸುತ್ತದೆ. ಇದರ ನಿಜವಾದ ಬೆಲೆ ತಿಳಿಯುವುದು ಕಣ್ಣಿಗೆ ಬೀಳದ ದೋಷಗಳಲ್ಲಿ. ವೆಕ್ಟರ್‌ನ (ಬೇಕಾದಂತೆ ಬೆಳೆಯುವ ಅರೇಯ) ಒಂದು ಅಂಶಕ್ಕೆ ರೆಫರೆನ್ಸ್ (ಅದರ ಜಾಗವನ್ನು ಸೂಚಿಸುವ ಇನ್ನೊಂದು ಹೆಸರು) ಹಿಡಿದಿಟ್ಟುಕೊಂಡು, ಅದೇ ವೆಕ್ಟರ್‌ಗೆ ಪುಷ್ ಬ್ಯಾಕ್ ಮಾಡಿದಾಗ, ಅಂದರೆ ಕೊನೆಗೆ ಹೊಸ ಅಂಶ ಸೇರಿಸಿದಾಗ, ಒಳಗಿನ ಮೆಮೊರಿ ಬೇರೆಡೆಗೆ ಸ್ಥಳಾಂತರವಾಗಿ, ಕೈಯಲ್ಲಿರುವ ರೆಫರೆನ್ಸ್ ಸತ್ತ ಜಾಗವನ್ನು ತೋರಿಸುತ್ತಿರಬಹುದು. ಅಂಥಲ್ಲಿ ಈ ಸಾಧನವು ತಪ್ಪು ಓದು ನಡೆದ ಸಾಲನ್ನಷ್ಟೇ ಅಲ್ಲದೆ, ಆ ಮೆಮೊರಿ ಎಲ್ಲಿ ಹಂಚಿಕೆಯಾಗಿತ್ತು, ಎಲ್ಲಿ ಬಿಡುಗಡೆಯಾಯಿತು ಎಂಬುದನ್ನೂ ಹೇಳುತ್ತದೆ. ಸಾರ್ಟ್‌ಗೆ ಕೊಟ್ಟ ಹೋಲಿಕೆ ಫಂಕ್ಷನ್‌ನಲ್ಲಿ 'ಕಡಿಮೆ' ಎನ್ನಬೇಕಾದಲ್ಲಿ 'ಕಡಿಮೆ ಅಥವಾ ಸಮ' ಎಂದು ಬರೆದಾಗ ಸಾರ್ಟ್ ಅರೇಯ ಹೊರಗೆ ಅಲೆಯುವುದನ್ನೂ ಇದು ಹಿಡಿಯುತ್ತದೆ, ಆದರೆ ವರದಿಯ ಮೊದಲ ಸಾಲುಗಳು ಲೈಬ್ರರಿಯೊಳಗಿನವಾಗಿರುವುದರಿಂದ ಕೆಳಗಿಳಿದು ನಮ್ಮ ಫೈಲಿನ ಹೆಸರನ್ನು ಹುಡುಕುವ ತಾಳ್ಮೆ ಬೇಕು.

ವೇಗದ ವಿಷಯದಲ್ಲಿ ದೂರಿಲ್ಲ. ಪ್ರೋಗ್ರಾಂ ಸುಮಾರು ಎರಡು ಪಟ್ಟು ನಿಧಾನವಾಗುತ್ತದೆ. ಮೆಮೊರಿ ತಪ್ಪುಗಳನ್ನೇ ಹುಡುಕುವ ಇನ್ನೊಂದು ಸಾಧನವಾದ ವ್ಯಾಲ್‌ಗ್ರೈಂಡ್‌ನ ಮೆಮ್‌ಚೆಕ್‌ನಲ್ಲಿ ಅದು 20ರಿಂದ 30 ಪಟ್ಟಿನವರೆಗೆ ಹೋಗುವುದುಂಟು. ಅದಕ್ಕಿಂತ ಮುಖ್ಯವಾಗಿ, ಸ್ಪರ್ಧಿಗಳು ಹೆಚ್ಚಾಗಿ ಬಳಸುವ ಗ್ಲೋಬಲ್ ಅರೇಗಳ (ಎಲ್ಲ ಫಂಕ್ಷನ್‌ಗಳ ಹೊರಗೆ ಘೋಷಿಸಿದ ಅರೇಗಳ) ಗಡಿ ದಾಟುವಿಕೆಯನ್ನು ಮೆಮ್‌ಚೆಕ್ ಗುರುತಿಸುವುದಿಲ್ಲ.

ಮಿತಿಗಳು ಖಂಡಿತ ಇವೆ. ಎರಡು ಆಯಾಮದ ಅರೇಯಲ್ಲಿ ಒಂದು ಸಾಲು ಮೀರಿ ಮುಂದಿನ ಸಾಲಿಗೆ ನುಗ್ಗಿದರೆ, ಅದು ಅದೇ ಅರೇಯೊಳಗಿನ ಜಾಗವಾದ್ದರಿಂದ ಈ ಸಾಧನ ಮೌನವಾಗಿರುತ್ತದೆ. ಇಂಟ್ ಉಕ್ಕಿದ್ದನ್ನು, ಅಂದರೆ ಪೂರ್ಣಾಂಕವು ತನ್ನ ಮಿತಿ ಮೀರಿದ್ದನ್ನು, ಹಿಡಿಯಲು ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್ ಬೇಕು. ಎರಡನ್ನೂ ಒಟ್ಟಿಗೆ ಬಳಸಬಹುದು, ಬಳಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಸ್ಯಾನಿಟೈಸರ್ ಇದ್ದಾಗ ಪ್ರತಿ ಫಂಕ್ಷನ್ ಕರೆಯೂ ಸ್ಟ್ಯಾಕ್‌ನಲ್ಲಿ (ಫಂಕ್ಷನ್ ಕರೆಗಳಿಗೆ ಮೀಸಲಾದ ಮೆಮೊರಿಯಲ್ಲಿ) ಹೆಚ್ಚು ಜಾಗ ನುಂಗುವುದರಿಂದ, ಸರಪಳಿಯಂತೆ ಉದ್ದವಾದ ಟ್ರೀ ಮೇಲಿನ ಸರಿಯಾದ ಡಿಎಫ್‌ಎಸ್ (ತನ್ನನ್ನೇ ಕರೆದುಕೊಳ್ಳುತ್ತ ಆಳಕ್ಕಿಳಿಯುವ ಹುಡುಕಾಟ) ಕೂಡ ಸ್ಟ್ಯಾಕ್ ತುಂಬಿ ಬೀಳಬಹುದು. ಆಗ ಸ್ಟ್ಯಾಕ್ ಮಿತಿಯನ್ನು ಏರಿಸಿ ನೋಡಬೇಕೇ ಹೊರತು ಕೋಡನ್ನು ಅನುಮಾನಿಸಬಾರದು. ವಿಂಡೋಸ್‌ನಲ್ಲಿ ಮಿನ್‌ಜಿಡಬ್ಲ್ಯು ಜಿಸಿಸಿ ಬಳಸುವವರಿಗೆ ಇದು ಸಾಮಾನ್ಯವಾಗಿ ಸಿಗದಿರುವುದು ದೊಡ್ಡ ಕೊರತೆ, ಏಕೆಂದರೆ ಹೊಸ ಕಲಿಕೆಗಾರರಲ್ಲಿ ಅನೇಕರು ಇರುವುದೇ ಅಲ್ಲಿ.

ಕೊನೆಯದಾಗಿ, ಓಡಿದ ಸಾಲುಗಳ ತಪ್ಪನ್ನು ಮಾತ್ರ ಇದು ಹೇಳಬಲ್ಲದು. ಖಾಲಿ ವೆಕ್ಟರ್‌ನ ಸೈಜ್‌ನಿಂದ 1 ಕಳೆದಾಗ (ಸೈಜ್ ಋಣಸಂಖ್ಯೆಯಾಗಲಾರದ್ದರಿಂದ) ಬರುವ ದೈತ್ಯ ಸಂಖ್ಯೆಯವರೆಗೆ ಲೂಪ್ ಓಡುವ ದೋಷ ಬಯಲಾಗಬೇಕಾದರೆ, ಆ ವೆಕ್ಟರ್ ಖಾಲಿಯಾಗುವಂಥ ಇನ್‌ಪುಟ್ಟನ್ನು ನಾವೇ ಕೊಡಬೇಕು. ಆದ್ದರಿಂದ ಸಮಸ್ಯೆಯ ಮಾದರಿ ಇನ್‌ಪುಟ್‌ಗೆ ನಿಲ್ಲದೆ, ಅತಿ ಚಿಕ್ಕ ಬೆಲೆಗಳು, ಗರಿಷ್ಠ ಮಿತಿಯ ಬೆಲೆಗಳು ಮತ್ತು ನೂರಾರು ಸಣ್ಣ ರ್‍ಯಾಂಡಮ್ ಇನ್‌ಪುಟ್‌ಗಳ ಮೇಲೆ ಇದನ್ನು ಓಡಿಸಬೇಕು.