ಗಾಜಿನ ನಾರಿನ ಫೋಮ್‌ಗೆ ಮೂರು ಮಾಡೆಲ್: ಹೊರೆ ಇಳಿಸಿದಾಗ ಬಣ್ಣ ಬಯಲು

ಹಾಸನದ ಕಡೆ ಮುಂಗಾರು ಶುರುವಾದರೆ ಆಲೂಗಡ್ಡೆ ಬಿತ್ತನೆ. ಅಲ್ಲಿಯವರೆಗೆ ಪಂಜಾಬಿನಿಂದ ಬಂದ ಬೀಜದ ಮೂಟೆಗಳು ಕೋಲ್ಡ್ ಸ್ಟೋರೇಜ್‌ನಲ್ಲಿ 2-4 ಡಿಗ್ರಿಯಲ್ಲಿ ಮಲಗಿರುತ್ತವೆ. ನಮ್ಮ ಭಾವನದೂ ಅಂಥದ್ದೊಂದು ಚಿಕ್ಕ ಕೋಣೆ ಇದೆ. ಹೋದ ವರ್ಷ ರ‍್ಯಾಕ್ ಜರುಗಿಸಿದಾಗ ನೆಲದ ಪ್ಯಾನೆಲ್‌ನಲ್ಲಿ ಅದರ ಕಾಲು ಕೂತ ಜಾಗ ಗುಳಿ ಬಿದ್ದಿತ್ತು. "ಮತ್ತೆ ಅಲ್ಲೇ ಇಟ್ರೆ ಇನ್ನೂ ಇಳಿಯುತ್ತಾ? ನಿನ್ನ ಕಂಪ್ಯೂಟರ್‌ನಲ್ಲಿ ನೋಡಿ ಹೇಳಪ್ಪ" ಅಂದರು ಭಾವ. ಸುಮ್ನೆ ಕೇಳಿದ ಪ್ರಶ್ನೆ. ನನ್ನ ನಾಲ್ಕು ತಿಂಗಳ ಸಂಜೆಗಳನ್ನು ತಿಂದುಹಾಕಿತು.

ಪ್ಯಾನೆಲ್ ಒಳಗಿದ್ದದ್ದು ಗಾಜಿನ ನಾರು ಸೇರಿಸಿದ ಪಾಲಿಯುರೆಥೇನ್ ಫೋಮ್. ಇದೇ ಜಾತಿಯ ಫೋಮ್ ಎಲ್‌ಎನ್‌ಜಿ (ದ್ರವರೂಪದ ನೈಸರ್ಗಿಕ ಅನಿಲ) ಸಾಗಿಸುವ ಹಡಗುಗಳ ಟ್ಯಾಂಕ್ ಗೋಡೆಯಲ್ಲೂ ಇರುತ್ತದೆ. ಅಲ್ಲಿ ಒಳಗಿನ ದ್ರವ ಮೈನಸ್ 163 ಡಿಗ್ರಿ. ನಮ್ಮ ಆಲೂಗಡ್ಡೆ ಅಷ್ಟು ಕೇಳುವುದಿಲ್ಲ.

ಉಳಿದ ತುಂಡೊಂದನ್ನು ಗರಗಸದಲ್ಲಿ 50 ಮಿಲಿಮೀಟರ್ ಕ್ಯೂಬ್‌ಗಳಾಗಿ ಕೊಯ್ದೆ. ಕೈಗವಸು ಹಾಕಿರಲಿಲ್ಲ, ಎರಡು ದಿನ ಬೆರಳೆಲ್ಲ ತುರಿಕೆ. ಊರಿನ ಕಾಲೇಜೊಂದರ ಲ್ಯಾಬ್‌ನಲ್ಲಿ ಒತ್ತುವ ಮೆಷಿನ್ ಸಿಕ್ಕಿತು, ವಸ್ತುವಿನ ಮೇಲೆ ಹೊರೆ ಬಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹಾಕುವ ಅಬಾಕಸ್ ಎಂಬ ಸಾಫ್ಟ್‌ವೇರ್‌ನ ಲೈಸೆನ್ಸೂ ಸಿಕ್ಕಿತು. ಒತ್ತುತ್ತಾ ಹೋದರೆ ಮೊದಲು ಬಲ-ಕುಗ್ಗುವಿಕೆಯ ಗ್ರಾಫ್ ನೇರವಾಗಿ ಏರುತ್ತದೆ. ಆಮೇಲೆ ಚರ್ ಚರ್ ಸದ್ದು ಬಂದು ಗ್ರಾಫ್ ಚಪ್ಪಟೆ. ಫೋಮ್‌ನೊಳಗಿನ ಗುಳ್ಳೆಯಂಥ ಕೋಶಗಳ ಗೋಡೆ ಬಾಗಿ ಮುರಿಯುವ ಹೊತ್ತು ಅದು. ಕ್ಯೂಬ್ ಬದಿಯಲ್ಲಿ ಮಧ್ಯಕ್ಕೆ ಒಂದು ಕಪ್ಪನೆಯ ಗೆರೆ ಮೂಡಿತು. ಪುಡಿಯಾದದ್ದು ಆ ಪದರ ಮಾತ್ರ, ಮೇಲಿನದೂ ಕೆಳಗಿನದೂ ಇನ್ನೂ ಗಟ್ಟಿ. ಇನ್ನೂ ಒತ್ತಿದರೆ ಮುರಿದ ಗೋಡೆಗಳು ಒಂದರ ಮೇಲೊಂದು ಕೂತು ಗ್ರಾಫ್ ಮತ್ತೆ ಕಡಿದಾಗಿ ಏರುತ್ತದೆ.

ಫೋಮ್ ಹೇಗೆ ನಡೆದುಕೊಳ್ಳುತ್ತದೆ ಅಂತ ಅಬಾಕಸ್‌ಗೆ ಹೇಳುವ ಸೂತ್ರವೇ ಮಾಡೆಲ್. ಮೊದಲು ಹಾಕಿದ್ದು ಅದರಲ್ಲೇ ಸಿದ್ಧವಿರುವ ಹೈಪರ್‌ಫೋಮ್. ಟೆಸ್ಟ್ ಡೇಟಾ ಕೊಟ್ಟರೆ ಅದೇ ಫಿಟ್ ಮಾಡಿಕೊಳ್ಳುತ್ತದೆ, ಅರ್ಧ ಗಂಟೆಯ ಕೆಲಸ. ಏರುವ ಗ್ರಾಫ್ ಎಷ್ಟು ಚೆನ್ನಾಗಿ ಕೂತಿತು ಅಂದರೆ ಕೆಲಸ ಮುಗೀತು ಅಂತ ಕಾಫಿಗೆ ಎದ್ದುಬಿಟ್ಟಿದ್ದೆ. ಹೊರೆ ಇಳಿಸುವ ಸ್ಟೆಪ್ ಸೇರಿಸಿದಾಗ ಕ್ಯೂಬ್ ಸೋಫಾ ಸ್ಪಂಜಿನಂತೆ ಪೂರ್ತಿ ಮೇಲೆದ್ದಿತು! ಗುಳಿಯೇ ಇಲ್ಲ. ಮಲ್ಲಿನ್ಸ್ ಪರಿಣಾಮ (ಒಮ್ಮೆ ಹೊರೆ ಹೊತ್ತ ಮೇಲೆ ವಸ್ತು ಮೆತ್ತಗಾಗುವುದು) ಸೇರಿಸಿದರೆ ಇಳಿಯುವ ದಾರಿ ಬೇರೆಯಾಗುತ್ತದೆ, ಆದರೆ ಕೊನೆಗೆ ಮುಟ್ಟುವುದು ಅದೇ ಸೊನ್ನೆಯನ್ನು. ಕುಶನ್‌ಗೆ ಸರಿ, ನಮ್ಮ ಗಡಸು ಫೋಮ್‌ಗೆ ಅಲ್ಲ.

ಆಮೇಲೆ ಕ್ರಷಬಲ್ ಫೋಮ್, ಪುಡಿಯಾಗುವ ಫೋಮ್‌ಗೆಂದೇ ಅಬಾಕಸ್‌ನಲ್ಲಿರುವ ಮಾಡೆಲ್. ಇದರಲ್ಲಿ ಗುಳಿ ಉಳಿಯುತ್ತದೆ, ಪಕ್ಕಕ್ಕೆ ಉಬ್ಬದೆ ಕುಗ್ಗುವ ಗುಣವೂ ಬರುತ್ತದೆ. ಎಲ್ಲ ಕಡೆಯಿಂದ ಎಳೆದು ನೋಡುವ ಪರೀಕ್ಷೆ ನನ್ನ ಕೈಲಿ ಆಗದ ಮಾತು. ಹಾಗಾಗಿ ಆ ಬಲವನ್ನು, ಮ್ಯಾನ್ಯುಯಲ್ ಹೇಳುವಂತೆ, ಎಲ್ಲ ಕಡೆಯಿಂದ ಒತ್ತುವಾಗಿನ ಬಲದ ಶೇ. 5 ಅಂತ ಕೊಟ್ಟೆ. ಎರಡು ಕೊರತೆ ಕಂಡವು. ನಾರಿನ ಚಾಪೆ ಫೋಮ್‌ನಲ್ಲಿ ಅಡ್ಡಡ್ಡ ಮಲಗಿರುತ್ತದೆ. ಅಡ್ಡಕ್ಕೆ ಒತ್ತಿದರೆ ಗಟ್ಟಿ, ದಪ್ಪದ ದಿಕ್ಕಿಗೆ ಒತ್ತಿದರೆ ಮೆತ್ತಗೆ. ಈ ಮಾಡೆಲ್‌ನ ಯೀಲ್ಡ್ ಮೇಲ್ಮೈಗೆ, ಅಂದರೆ ಫೋಮ್ ಯಾವ ಬಲಕ್ಕೆ ಶಾಶ್ವತವಾಗಿ ಕುಗ್ಗುತ್ತದೆ ಎಂಬ ಮಿತಿಗೆ, ದಿಕ್ಕಿನ ಪರಿವೆಯೇ ಇಲ್ಲ. ಅದನ್ನು ಬಿಡೋಣ, ರ‍್ಯಾಕ್ ಕಾಲು ಒತ್ತುವುದು ಒಂದೇ ದಿಕ್ಕಿಗೆ. ನನಗೆ ಚುಚ್ಚಿದ್ದು ಎರಡನೆಯದು. ಹೊರೆ ಇಳಿಸುವಾಗ ಅದು ಮೊದಲಿದ್ದ ಬಿಗಿಯಲ್ಲೇ ಹಿಂದಕ್ಕೆ ಬರುತ್ತದೆ. ನಿಜವಾದ ಕ್ಯೂಬ್ ಹಾಗಲ್ಲ. ಅರ್ಧ ಗೋಡೆ ಮುರಿದ ಮೇಲೆ ಮೊದಲಿನ ಬಿಗಿ ಎಲ್ಲಿಂದ ಬರಬೇಕು, ಅಲ್ವಾ?

ಹಾಗಾಗಿ ಮೂರನೆಯದು ನಾನೇ ಬರೆದದ್ದು, ಫೋರ್ಟ್ರಾನ್ ಭಾಷೆಯಲ್ಲಿ ಒಂದು ಯೂಮ್ಯಾಟ್ (ಬಳಕೆದಾರರೇ ಬರೆದು ಅಬಾಕಸ್‌ಗೆ ಸೇರಿಸುವ ಮಾಡೆಲ್). ಕುಗ್ಗುವ ಪ್ಲಾಸ್ಟಿಸಿಟಿಯ (ವಾಪಸ್ ಬರದ ಕುಗ್ಗುವಿಕೆಯ) ಮೇಲೆ ಹಾನಿಯ ಲೆಕ್ಕ, ವಿಜ್ಞಾನಿ ಕಚನೋವ್ 1958ರಲ್ಲಿ ತೋರಿಸಿದ ದಾರಿ. ಹಾನಿ ಸೊನ್ನೆ ಅಂದರೆ ಹೊಸ ಫೋಮ್, ಒಂದು ಅಂದರೆ ಪೂರ್ತಿ ಹೋದದ್ದು. ಇದನ್ನು ಅಳೆಯಲು ಕ್ಯೂಬನ್ನು ಸ್ವಲ್ಪ ಒತ್ತಿ ಬಿಡುವುದು, ಇನ್ನಷ್ಟು ಒತ್ತಿ ಬಿಡುವುದು. ಪ್ರತಿ ಸಲ ಇಳಿಯುವ ಗೆರೆಯ ಓರೆಯನ್ನು ಮೊದಲಿನ ಓರೆಯಿಂದ ಭಾಗಿಸಿ ಒಂದರಿಂದ ಕಳೆದರೆ ಹಾನಿ ಸಿಗುತ್ತದೆ. ಒಂದು ಎಚ್ಚರ ಬೇಕು. ಮುರಿದ ಗೋಡೆಗಳು ಒಂದಕ್ಕೊಂದು ತಾಗಿದ ಮೇಲೆ ಓರೆ ಮತ್ತೆ ಹೆಚ್ಚುತ್ತದೆ. ಆಗ ಇದೇ ಲೆಕ್ಕ ಹಾನಿ ವಾಸಿಯಾಯಿತು ಅನ್ನುತ್ತದೆ! ನಾನೂ ಒಂದು ವಾರ ಅದನ್ನೇ ನಂಬಿದ್ದೆ. ಚಪ್ಪಟೆ ಭಾಗ ಮುಗಿಯುವ ಮೊದಲೇ ಅಳತೆ ನಿಲ್ಲಿಸಬೇಕು.

ಬರೆಯುವುದಕ್ಕಿಂತ ಓಡಿಸುವುದೇ ಕಷ್ಟವಾಯಿತು. ಆ ಕ್ಷಣದ ಬಿಗಿ ಎಷ್ಟು ಅಂತ ಅಬಾಕಸ್‌ಗೆ ಹೇಳುವ ಟ್ಯಾಂಜೆಂಟ್ ಮ್ಯಾಟ್ರಿಕ್ಸ್‌ನಲ್ಲಿ ಒಂದು ಮೈನಸ್ ಚಿಹ್ನೆ ತಪ್ಪಿತ್ತು. ಉತ್ತರಕ್ಕೆ ಹತ್ತಿರವಾಗಲು ಅದು ಮತ್ತೆ ಮತ್ತೆ ಹಾಕುವ ನ್ಯೂಟನ್ ಸುತ್ತುಗಳು ಮುಗಿಯಲೇ ಇಲ್ಲ, ಸ್ಟೆಪ್ ಚಿಕ್ಕದಾಗುತ್ತಾ ಆಗುತ್ತಾ ನಿಂತೇಹೋಯಿತು. ಆ ಚಿಹ್ನೆ ಹುಡುಕಲು ಹನ್ನೊಂದು ದಿನ. ಆಮೇಲೆ ಮೆಶ್‌ನ ಕಾಟ. ಲೆಕ್ಕಕ್ಕಾಗಿ ಕ್ಯೂಬನ್ನು ಎಲಿಮೆಂಟ್ ಎಂಬ ಪುಟ್ಟ ತುಂಡುಗಳಾಗಿ ಒಡೆದ ಜಾಲವೇ ಮೆಶ್. 5 ಮಿಲಿಮೀಟರ್ ಎಲಿಮೆಂಟ್ ಹಾಕಿದರೆ 5 ಮಿಲಿಮೀಟರ್ ಪದರ ಪುಡಿಯಾಗುತ್ತದೆ, 2.5 ಹಾಕಿದರೆ 2.5. ಹಾನಿಯಾದಂತೆ ಮೆತ್ತಗಾಗುವ ಯಾವ ವಸ್ತುವಿನ ಲೆಕ್ಕಕ್ಕೂ ಇದು ತಪ್ಪಿದ್ದಲ್ಲ. ಕಾಂಕ್ರೀಟ್ ಬಿರುಕಿಗೆ ಬಜಾಂಟ್ ಮತ್ತು ಓ ಎಂಬ ಇಬ್ಬರು ಸಂಶೋಧಕರು 1983ರಲ್ಲಿ ಕೊಟ್ಟ ಉಪಾಯವನ್ನೇ ತಂದೆ: ಎಲಿಮೆಂಟ್ ಉದ್ದಕ್ಕೆ ತಕ್ಕಂತೆ ಹಾನಿಯ ವೇಗ ತಿದ್ದಿ, ಒಟ್ಟು ಖರ್ಚಾಗುವ ಶಕ್ತಿ ಒಂದೇ ಇರುವಂತೆ ನೋಡಿಕೊಳ್ಳುವುದು. ಎರಡೂ ಮೆಶ್‌ಗಳ ಗ್ರಾಫ್ ಹತ್ತಿರ ಬಂದವು. ಪೂರ್ತಿ ಒಂದಾಗಲಿಲ್ಲ, ಆದರೆ ಜಗಳ ನಿಂತಿತು.

ಕೋಶ ಕೋಶವನ್ನೇ ಬಿಡಿಸಿ ಮಾಡುವ ದಾರಿಯನ್ನೂ ಒಂದು ರಾತ್ರಿ ನೋಡಿದೆ. ವಿಜ್ಞಾನಿ ಕೆಲ್ವಿನ್ 1887ರಲ್ಲಿ ಹೇಳಿದ ಹದಿನಾಲ್ಕು ಮುಖದ ಕೋಶಗಳನ್ನು ಜೋಡಿಸಿ, ನಡುವೆ ನಾರು ಹಾಯಿಸಿದೆ. ಚಿತ್ರ ಚೆಂದ. ನನ್ನ ಲ್ಯಾಪ್‌ಟಾಪ್ ಮೆಮೊರಿ ತುಂಬಿ ಕೂತುಬಿಟ್ಟಿತು. ಅಲ್ಲಿಗೆ ಬಿಟ್ಟೆ.

ಹೊರೆ ಒಂದೇ ಸಲ ಬಿದ್ದು ಅಲ್ಲೇ ಇರುವುದಾದರೆ ನಾನು ಈಗಲೂ ಕ್ರಷಬಲ್ ಫೋಮ್‌ನ್ನೇ ಹಾಕುತ್ತೇನೆ. ಯೂಮ್ಯಾಟ್‌ನ ತಲೆನೋವು ಆ ಕೆಲಸಕ್ಕೆ ದಂಡ. ಏರುವ ಗ್ರಾಫ್ ನೋಡಿ ಮಾಡೆಲ್ ಆರಿಸುವುದನ್ನಂತೂ ಬಿಟ್ಟಿದ್ದೇನೆ, ಅಲ್ಲಿ ಮೂರೂ ಒಂದೇ ಥರ. ಭಾವನ ರ‍್ಯಾಕ್ ವರ್ಷ ವರ್ಷ ಏರಿ ಇಳಿಯುವಂಥದ್ದು. ಎರಡನೇ ಸಲ ಅದೇ ಜಾಗದಲ್ಲಿ ಇಟ್ಟರೆ ಫೋಮ್ ಜಾಸ್ತಿ ಕುಗ್ಗುತ್ತದೆ ಅಂತ ನನ್ನ ಯೂಮ್ಯಾಟ್ ಮಾತ್ರ ಹೇಳಿತು. ಮೆಷಿನ್‌ನಲ್ಲಿ ಮೂರನೇ ಕ್ಯೂಬ್ ಕೂಡ ಅದನ್ನೇ ಮಾಡಿತು.

"ಅಂದ್ರೆ ಕಾಲಿನ ಅಡಿಗೆ ಅಗಲವಾದ ತಗಡು ಹಾಕ್ಬೇಕು ತಾನೆ? ಇದನ್ನ ಹೇಳೋಕೆ ನಾಲ್ಕು ತಿಂಗಳಾ?" ಅಂದರು ಭಾವ. ನಾನು ಬಾಯಿ ಬಿಡಲಿಲ್ಲ. ನಾಲ್ಕನೇ ಕ್ಯೂಬ್ ಈಗ ಅವರ ಬೀಜದ ಮೂಟೆಗಳ ನಡುವೆ ತಣ್ಣಗೆ ಕೂತಿದೆ. ಸೋಮವಾರ ಅದನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಲ್ಯಾಬ್‌ಗೆ ಒಯ್ಯಬೇಕು.